ಕೊಡದ ಮೇಲಿನ ಗೆರೆ

ಶಿವರಾತ್ರಿ ಕಳೆದ ಮೂರನೇ ದಿನ ಯರ್ರೆಪ್ಪ ತಾತ ಹೆಸರು ಹಾಕುವ ಮಿಷನ್ನಿನ ಸ್ವಿಚ್ಚು ಆರಿಸಿ, ತೊಡೆಯ ಮೇಲಿದ್ದ ಚೊಂಬನ್ನು ಅಪ್ಪನ ಮುಂದೆ ಇಟ್ಟ.

"ಸಾವ್ಕಾರ, ನಾ ಏನು ಬರ್ದೀನಿ ಓದು."

ಅಪ್ಪ ಓದಿದರು. "ಸರಿ ಐತಲ್ಲ."

"ಸರಿ ಐತಿ. ಆದ್ರ ನಂಗ ಕಾಣವಲ್ದು. ಕೈ ಅಂದಾಜಿನ ಮ್ಯಾಲೆ ಬರ್ದೀನಿ. ಇನ್ನ ಎಂಟು ದಿನಕ್ಕ ಅಂದಾಜೂ ತಪ್ತೈತಿ."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಯಲ್ಲಿ ಎರಡು ತಿಂಗಳು ಇರುತ್ತೇನೆಂದು ಹೇಳಿ, ತಾನು ಇಪ್ಪತ್ತೆರಡು ವರ್ಷ ಕುಳಿತ ಹಲಗೆಯನ್ನು ಗೋಡೆಗೆ ಒರಗಿಸಿಟ್ಟು ಹೋದ.

ನಮ್ಮದು ಕೊಟ್ಟೂರಿನ ಬಜಾರದಲ್ಲಿ ಪಾತ್ರೆ ಅಂಗಡಿ. ಮುಂದೆ ಅಂಗಡಿ, ನಡುವೆ ಒಂದು ಪರದೆ, ಹಿಂದೆ ಮನೆ. ನಮ್ಮ ಸೀಮೆಯಲ್ಲಿ ಲಗ್ನಕ್ಕೆ ಮುಯ್ಯಿ ಮಾಡುವವರು ಹೆಸರಿಲ್ಲದ ಪಾತ್ರೆ ಒಯ್ಯುವುದಿಲ್ಲ. ಯಾರು ಕೊಟ್ಟದ್ದು, ಯಾರ ಲಗ್ನಕ್ಕೆ ಕೊಟ್ಟದ್ದು ಎಂಬುದೆಲ್ಲ ಪಾತ್ರೆಯ ಮೇಲೇ ಇರಬೇಕು. ನಾಳೆ ಅವರ ಮನೆಯಲ್ಲಿ ಲಗ್ನವಾದಾಗ ತಿರುಗಿ ಮಾಡಬೇಕಲ್ಲ. ಹಾಗಾಗಿ ಹೆಸರು ಹಾಕುವವರಿಲ್ಲದ ಅಂಗಡಿಗೆ ಲಗ್ನದ ದಿನಗಳಲ್ಲಿ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಮಿಷನ್ ಅಂದರೆ ದೊಡ್ಡದೇನಲ್ಲ. ದಪ್ಪ ಪೆನ್ನಿನಂಥದ್ದು, ಹಿಂದೆ ವೈರು, ತುದಿಯಲ್ಲಿ ಸೂಜಿ. ಸ್ವಿಚ್ಚು ಹಾಕಿದರೆ ಗುಂಯ್ ಎಂದು ನಡುಗುತ್ತದೆ, ಮುಟ್ಟಿಸಿದಲ್ಲಿ ಸ್ಟೀಲು ಕೊರೆಯುತ್ತದೆ.

"ಅದೇನು ದೊಡ್ಡ ವಿದ್ಯಾ ಅಪ್ಪ? ನಾ ಹಾಕ್ತೀನಿ" ಎಂದ ಅಣ್ಣ ಅಮರೇಶ್. ಅವನು ಪಿಯುಸಿ ಓದಿದವನು. ಅಕ್ಷರ ಮುತ್ತಿನಂತಿದ್ದವು.

ತಟ್ಟೆ, ಡಬ್ಬಿ, ಹರಿವಾಣದ ಮೇಲೆ ನಾಲ್ಕು ದಿನ ಹೇಗೋ ನಡೆಯಿತು. ಐದನೆಯ ದಿನ ಚಿಗಟೇರಿಯ ಗುರುಸಂಗಪ್ಪ ತಂಗಿಯ ಮಗಳ ಲಗ್ನಕ್ಕೆಂದು ಐದು ಸ್ಟೀಲಿನ ಕೊಡ ಆರಿಸಿದರು. ಅಣ್ಣ ಯರ್ರೆಪ್ಪ ತಾತ ಕೂಡುವಂತೆಯೇ ಕೂತು, ಕೊಡದ ಬಾಯಿ ತನ್ನ ಹೊಟ್ಟೆಯ ಕಡೆ ಮಾಡಿಕೊಂಡು, ಎಡಗೈಯಲ್ಲಿ ಕಂಠ ಹಿಡಿದು, ಐದಕ್ಕೂ ಹೆಸರು ಹಾಕಿದ. ಅಪ್ಪ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಲಗ್ನದ ಮರುದಿನವೇ ಗುರುಸಂಗಪ್ಪ ಐದೂ ಕೊಡಗಳನ್ನು ತಂದು ಅಂಗಡಿಯ ನೆಲಕ್ಕೆ ಇಟ್ಟರು.

"ಕರಿಸಿದ್ದಪ್ಪನವರ, ನನ್ನ ಹೆಸರು ಓದ್ರಿ."

ಅಪ್ಪ ಬಗ್ಗಿ ನೋಡಿದರು. ಕೊರಳನ್ನು ಒಂದು ಕಡೆ ವಾಲಿಸಿ ಇನ್ನೂ ಬಗ್ಗಿದರು.

"ಹಂಗ ಓದಾಕ ಬರಂಗಿಲ್ರಿ. ಕೊಡ ಬೋರಲ ಹಾಕಿ ಓದ್ರಿ. ಮುಯ್ಯಿ ಕೂಗೋನೂ ಹಂಗಾ ಓದ್ಯಾನ. ಹಂದರದಾಗ, ತುಂಬಿದ ಮಂದ್ಯಾಗ, ನಾ ಕೊಟ್ಟ ಕೊಡ ಬೋರಲ ಹಿಡದು ನನ್ನ ಹೆಸರು ಕೂಗ್ಯಾನ. ಹೆಂಗಸರು ಬಾಯಿಗೆ ಸೆರಗ ಇಟ್ಕಂಡು ನಕ್ಕಾರ. ನಮ್ಮ ತಂಗಿ, ಲಗ್ನದ ಮನ್ಯಾಗ ಬೋರಲ ಕೊಡ ತಂದ್ಯಲ್ಲೋ ಅಣ್ಣ ಅಂತ ಅತ್ತಾಳ."

"ಹುಡುಗ ಹೊಸಬರಿ. ಬ್ಯಾರೆ ಕೊಡ ಕೊಡ್ತೀನಿ, ಕುಂದರ್ರಿ" ಎಂದರು ಅಪ್ಪ.

"ಬ್ಯಾಡ್ರಿ. ಇವನ್ನ ಇಟ್ಕರಿ" ಎಂದು ಅವರು ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದರು. ಬಜಾರವೆಲ್ಲ ನೋಡುತ್ತಿತ್ತು.

ಆ ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಪ್ಪ ರೊಟ್ಟಿ ಮುರಿದು ಹೆಸರುಕಾಳಿನ ಪಲ್ಯದಲ್ಲಿ ಅದ್ದಿ ಹಾಗೆಯೇ ಹಿಡಿದು ಕುಳಿತರು.

"ಇಪ್ಪತ್ತೆರಡು ವರ್ಷ ಅವನ ಬಾಜೂಕ ಕುಂತೀನಿ. ಅಂವ ತಲಿಕೆಳಗ ಬರಿತಾನಂತ ಒಂದಿನಾ ನೋಡ್ಲಿಲ್ಲ ನೋಡು ನಾನು."

"ಕೊಡ ತಿರುಗಿಸ್ಕಂಡು ಬರದ್ರ ಆತಪ್ಪ" ಎಂದ ಅಣ್ಣ.

"ತಿರುಗಿಸು ನೋಡೋಣ. ತಳ ನಿನ್ನ ಕಡಿಗೆ ಬಂದ್ರ ಕೊಡದ ಹೊಟ್ಟಿ ಅಡ್ಡ ಬರ್ತೈತಿ. ಹೆಸರು ಹಾಕೋದು ಕಂಠದ ಕೆಳಗ. ಅದು ನಿಂಗ ಕಾಣೋದಾ ಇಲ್ಲ. ಕಾಣಬೇಕಂದ್ರ ಬಾಯಿ ನಿನ್ನ ಕಡಿಗೆ ಇರಬೇಕು. ಬಾಯಿ ನಿನ್ನ ಕಡಿಗಿದ್ರ ಅಕ್ಷರ ತಲಿಕೆಳಗ ಬರಿಬೇಕು."

ಅಣ್ಣ ಪೇಪರಿನ ಮೇಲೆ ತಲೆಕೆಳಗಾಗಿ ತನ್ನ ಹೆಸರು ಬರೆಯಲು ನೋಡಿದ. ಎರಡನೇ ಅಕ್ಷರಕ್ಕೇ ಕೈ ನಿಂತಿತು. ಅಜ್ಜಿ ಗುರುಬಸಮ್ಮ ಅದನ್ನು ಇಣುಕಿ ನೋಡಿ, "ನಂಗಂತೂ ಎರಡೂ ಕಡಿಯಿಂದ ಒಂದಾ ಥರ ಕಾಣ್ತೈತಪ್ಪ. ಓದಾಕ ಬರದಿದ್ರ ಇದೊಂದು ಸುಖ" ಎಂದಳು.

ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಅತ್ತಿಗೆ ವಾಣಿಶ್ರೀ ಮೆಲ್ಲಗೆ ಕೇಳಿದರು. "ಸುಮಿ, ನೀ ದಿನಾ ಯರ್ರೆಪ್ಪಜ್ಜಗೆ ಚಾ ಕೊಡಾಕೆ ಹೋಗ್ತಿದ್ದಿ. ನಿಂಗೆ ಗೊತ್ತಿತ್ತೇನು?"

"ಹೂಂ."

"ನಿಮ್ಮಣ್ಣ ಬರೆಯೋವಾಗ ಯಾಕೆ ಹೇಳ್ಲಿಲ್ಲ?"

"ನನ್ನ ಯಾರು ಕೇಳಿದ್ರು ಅತ್ತಿಗಿ?"

ಅತ್ತಿಗೆ ನಗಲಿಲ್ಲ. ಬೂದಿಯ ಕೈಯನ್ನು ಹಾಗೆಯೇ ಹಿಡಿದು ನನ್ನ ಮುಖ ನೋಡಿದರು. ಏಳನೇ ಇಯತ್ತೆಯಲ್ಲಿದ್ದಾಗ ಅವ್ವಗೆ ಸೊಂಟ ಹಿಡಿದು ನಾನು ಶಾಲೆ ಬಿಟ್ಟೆ. ಅವ್ವ ಆರು ತಿಂಗಳಿಗೆ ಎದ್ದು ಓಡಾಡಿದಳು. ಮತ್ತೆ ಶಾಲೆಗೆ ಹೋಗು ಎಂದು ಯಾರೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಈಗ ಮಾತ್ರ ನನಗೆ ಆ ಮಿಷನ್ ಬೇಕು ಅನ್ನಿಸಿತ್ತು. ಅದನ್ನು ಅತ್ತಿಗೆಗೆ ಹೇಳಿಬಿಟ್ಟೆ.

ಮರುದಿನ ಅಪ್ಪ ಮತ್ತು ಅಣ್ಣ ಹೆಸರು ಹಾಕುವವರನ್ನು ಹುಡುಕಿಕೊಂಡು ಹೊಸಪೇಟೆಗೆ ಹೋದಾಗ, ಅತ್ತಿಗೆ ಮಿಷನ್ನನ್ನು ಒಳಗೆ ತಂದು ಒಂದು ತಗ್ಗು ಬಿದ್ದ ಮುಚ್ಚಳ ಕೊಟ್ಟರು. ನಾನು ನನಗೆ ಚೆನ್ನಾಗಿ ಬರುವ ಹೂವನ್ನು ಬರೆದೆ. ಅತ್ತಿಗೆ ಮುಚ್ಚಳವನ್ನು ಬಾಗಿಲ ಬೆಳಕಿಗೆ ಹಿಡಿದರು.

"ಬೆರಳು ಆಡಿಸಿ ನೋಡು. ಏನು ಹತ್ತತೆ?"

ಗೆರೆಯುದ್ದಕ್ಕೂ ಸಣ್ಣ ಸಣ್ಣ ಗುಂಡಿಗಳಿದ್ದವು.

"ಇದು ರಂಗೋಲಿ ಕೈ. ಚುಕ್ಕಿ ಬಂದಲ್ಲೆಲ್ಲ ನಿಲ್ತೀಯ. ನೆಲದ ಮ್ಯಾಲೆ ನಿಂತ್ರೆ ನಡೀತತೆ. ಇದು ನಿಂತಲ್ಲಿ ಕೊರಿತತೆ. ಹೂವು ಬಿಡು. ಮೊದ್ಲು ಗೆರಿ ಎಳೆಯೋದು ಕಲಿ."

ಅತ್ತಿಗೆ ಹರಪನಹಳ್ಳಿಯವರು. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಪರೀಕ್ಷೆ ಕಟ್ಟಿ ಪಾಸಾದವರು. ಅವರ ಮೇಷ್ಟ್ರು ಮೂರು ತಿಂಗಳು ಗೆರೆ ಬಿಟ್ಟು ಬೇರೆ ಏನನ್ನೂ ಬರೆಸಿರಲಿಲ್ಲವಂತೆ. ಅದೇ ಪಾಠ ನನಗೆ ಶುರುವಾಯಿತು. ಹಳೇ ಪೇಪರಿನ ಮೇಲೆ ಎರಡು ಚುಕ್ಕಿ ಇಟ್ಟು ಕೊಡುತ್ತಿದ್ದರು. ಆ ಚುಕ್ಕಿಯಿಂದ ಈ ಚುಕ್ಕಿಗೆ ಸ್ಕೇಲಿಲ್ಲದೆ, ನಿಲ್ಲದೆ ಒಂದು ಗೆರೆ. ಪುಟ ತುಂಬ ಮಲಗಿದ ಗೆರೆ. ಅದು ಮುಗಿದರೆ ನಿಂತ ಗೆರೆ, ಆಮೇಲೆ ಓರೆ ಗೆರೆ.

"ಪೆನ್ಸಿಲ್ಲಿನ ಮೂತಿ ನೋಡಬ್ಯಾಡ. ಮುಟ್ಟಬೇಕಾದ ಚುಕ್ಕಿ ನೋಡು. ಕೈ ತಾನೇ ಹೋಗ್ತತೆ."

"ಸೊಟ್ಟ ಆತು ಅತ್ತಿಗಿ."

"ಆಗ್ಲಿ. ಅಳಿಸಬ್ಯಾಡ. ಅದರ ಕೆಳಗೆ ಇನ್ನೊಂದು ಎಳಿ. ಬೆರಳಿಂದ ಎಳೀಬ್ಯಾಡ, ಮೊಣಕೈಯಿಂದ ಎಳಿ. ಸಾರಿಸೋವಾಗ ಕೈ ಹ್ಯಾಂಗೆ ಹೋಗ್ತತೆ? ಹಂಗೆ."

ಬೆಳಿಗ್ಗೆ ನೀರು ತುಂಬಿದ ಮೇಲೆ ಅರ್ಧ ತಾಸು, ಮಧ್ಯಾಹ್ನ ಎಲ್ಲರದೂ ಊಟವಾದ ಮೇಲೆ ಒಂದು ತಾಸು. ಪೇಪರ್ ಮುಗಿದರೆ ಪರಾತದಲ್ಲಿ ಜೋಳದ ಹಿಟ್ಟು ಹರಡಿ ಬೆರಳಲ್ಲಿ ಎಳೆಯುತ್ತಿದ್ದೆ. ಎರಡನೇ ವಾರ ಅರ್ಧಚಂದ್ರ, ಸೊನ್ನೆ, ಹಾವಿನಂತೆ ಹರಿಯುವ ಗೆರೆ. ಸೊನ್ನೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಗೊತ್ತಾಗಬಾರದು. ನನ್ನ ಸೊನ್ನೆಗಳಿಗೆಲ್ಲ ಬಹಳ ದಿನ ಬಾಲ ಇರುತ್ತಿತ್ತು.

ಅಜ್ಜಿ ಪಕ್ಕದಲ್ಲಿ ಕುಳಿತು ಬತ್ತಿ ಹೊಸೆಯುತ್ತ ನೋಡುತ್ತಿದ್ದಳು. "ಏನಿವು? ಬರೇ ಕಡ್ಡಿ. ಜೇಲಿನಾಗ ದಿನ ಎಣಿಸೋರು ಗೋಡಿ ಮ್ಯಾಲೆ ಹಿಂಗಾ ಗೀಚ್ತಾರಂತ. ಒಂದು ಗಿಣಿ ಬರಿಯೇ."

"ಗಿಣಿ ಆಮ್ಯಾಲ ಅಜ್ಜಿ."

"ನಾ ಸತ್ತ ಮ್ಯಾಲೇನು?"

ಗೆರೆ ಎಳೆದ ಪೇಪರುಗಳನ್ನು ಅಣ್ಣ ನೋಡದೆ ಅಂಗಡಿಗೆ ಒಯ್ದು ಪಾತ್ರೆ ಸುತ್ತಿಕೊಟ್ಟಿದ್ದ. ಗಿರಾಕಿಯೊಬ್ಬ ಬಿಚ್ಚಿ ನೋಡಿ, "ಏನ್ರಿ ಇದು, ಯಾರೋ ಸುದ್ದಿ ಎಲ್ಲಾ ಹೊಡದು ಹಾಕ್ಯಾರ" ಎಂದು ತಿರುಗಿ ಬಂದು ಕೇಳಿದನಂತೆ. ಅವತ್ತು ಊಟಕ್ಕೆ ಕೂತಾಗ ಅಣ್ಣ ಅತ್ತಿಗೆಯನ್ನು ಕೆಣಕಿದ.

"ಏನು ಮೇಡಂನೋರ, ಸಾಲಿ ತೆಗದೀರಂತ? ಒಬ್ಬಾಕಿ ವಿದ್ಯಾರ್ಥಿ. ಫೀಸು ಎಷ್ಟು?"

"ನಿಮ್ಮನ್ನೂ ಸೇರಿಸ್ಕಂತೀನಿ, ಬರ್ರಿ. ಐದು ಕೊಡ ಫೀಸು ಕಟ್ಟೀರಲ್ಲ ಆಗ್ಲೇ" ಎಂದರು ಅತ್ತಿಗೆ.

ಅಜ್ಜಿ ನಕ್ಕಳು. ಅಪ್ಪನೂ ಮೀಸೆಯಲ್ಲಿ ನಕ್ಕರು. ಅವ್ವ ಕನಕಮ್ಮ ಮಾತ್ರ ನಗಲಿಲ್ಲ. ಅವಳ ಸಿಟ್ಟು ಕೂಡುತ್ತ ಬಂದಿತ್ತು. ಅದು ಮೂರನೇ ವಾರ ಒಡೆಯಿತು. ಸಂತೆಯ ದಿನ, ಒಲೆಯ ಮೇಲೆ ಹಂಚು ಕಾಯುತ್ತಿತ್ತು, ನಾನು ಹಿಟ್ಟಿನಲ್ಲಿ ಗೆರೆ ಎಳೆಯುತ್ತ ಕುಳಿತುಬಿಟ್ಟಿದ್ದೆ. ಹಂಚಿನ ಮೇಲಿದ್ದ ರೊಟ್ಟಿ ಕರಿಕಾಗಿ ಹೊಗೆ ಎದ್ದಿತು.

"ಒಬ್ಬಾಕಿ ಗೆರಿ ಎಳಿತಾಳ, ಇನ್ನೊಬ್ಬಾಕಿ ಮುಂದ ಕುಂತು ಎಣಸ್ತಾಳ" ಎಂದು ಅವ್ವ ಹಂಚು ಇಳಿಸಿದಳು. "ಈ ಮನ್ಯಾಗ ರೊಟ್ಟಿ ಯಾರು ಬಡಿಬೇಕು? ಹಿಂದಿನ ಓಣಿಯವರು ಬಂದು ಬಡಿಬೇಕೇನು?"

"ತಪ್ಪಾತು ಅತ್ತೆ. ನಾ ಬಡೀತೀನಿ. ಸುಮಿ ಒಂದು ತಾಸು ಕುಂದ್ರಲಿ" ಎಂದರು ಅತ್ತಿಗೆ.

"ನಿನ್ನ ಹರಪನಹಳ್ಳಿ ರೊಟ್ಟಿ ನಾ ಕಂಡೀನಿ. ಒಂದು ತಿಂದ್ರ ಸಂಜೀತನಕ ಹಸಿವಾಗಂಗಿಲ್ಲ, ಅಷ್ಟು ದಪ್ಪ."

"ಹಂಗಂದ್ರೆ ಹಿಟ್ಟು ಉಳಿತತಲ್ಲ ಅತ್ತೆ."

"ಮಾತಿಗೇನು ಕಮ್ಮಿ ಇಲ್ಲ. ವಾಣಿ, ನೀ ಆಕಿನ್ನ ಏನು ಮಾಡಾಕ ಹೊಂಟೀದಿ, ಬಾಯಿಬಿಟ್ಟು ಹೇಳು ನಂಗ. ಈ ಹುಡುಗಿ ಬಜಾರದಾಗ ಗಂಡಸರ ಮುಂದ ತೊಡಿ ಮ್ಯಾಲೆ ಕೊಡ ಇಟ್ಕಂಡು ಕುಂದ್ರಬೇಕೇನು? ನಾಳೆ ಕೇಳಾಕ ಬಂದೋರು ಏನಂತಾರ?"

"ಕೈಯಾಗ ಕಲೆ ಐತಿ ಅಂತಾರೆ."

"ಅನ್ನಂಗಿಲ್ಲ. ನಿನಗ ಲಗ್ನ ಆಗೈತಿ, ಅದಕ್ಕ ಹಂಗಂತಿ."

ನಾನು ಪರಾತದ ಹಿಟ್ಟು ಕೂಡಿಸಿ, ನೀರು ಹಾಕಿ ನಾದಿ, ರೊಟ್ಟಿ ಬಡಿದೆ. ಆ ದಿನವೂ ಮರುದಿನವೂ ಗೆರೆ ಎಳೆಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವ್ವ ಏಳುವುದಕ್ಕಿಂತ ಮುಂಚೆ ಎದ್ದು ಕಸ ಗುಡಿಸಿ, ನೀರು ತುಂಬಿಸಿ, ಇಪ್ಪತ್ತು ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟು, ಆಮೇಲೆ ಪೆನ್ಸಿಲ್ ಹಿಡಿದು ಕುಳಿತೆ. ಅವ್ವ ಬಂದಳು. ಬುಟ್ಟಿ ತೆರೆದು ನೋಡಿದಳು. ಬಯ್ಯಲು ಏನೂ ಸಿಗದೆ, "ಉಪ್ಪು ಹಾಕಿಯೇನು ಚಟ್ನಿಗೆ?" ಎಂದು ಹಿತ್ತಲಿಗೆ ಹೋದಳು. ಅಂದಿನಿಂದ ಅದೇ ನನ್ನ ವೇಳೆಯಾಯಿತು.

ಹೊಸಪೇಟೆಯಿಂದ ಯಾರೂ ಬರಲಿಲ್ಲ. ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿಗಳು ತುಂಬಿರುತ್ತಿದ್ದವು. ನಮ್ಮ ಅಂಗಡಿಯಲ್ಲಿ ಅಪ್ಪ ಧೂಳಿಲ್ಲದ ಪಾತ್ರೆಗಳನ್ನೇ ಒರೆಸುತ್ತಿದ್ದರು.

ನಾಲ್ಕನೇ ವಾರ ಅತ್ತಿಗೆ ಇನ್ನೊಂದು ಆಟ ತೆಗೆದರು. ಕ್ಯಾಲೆಂಡರಿನಲ್ಲಿದ್ದ ಎತ್ತಿನ ಚಿತ್ರವನ್ನು ತಲೆಕೆಳಗು ಮಾಡಿ ಗೋಡೆಗೆ ಸಿಕ್ಕಿಸಿದರು. "ಎತ್ತು ಅಂತ ಮರಿ. ಬರೀ ಗೆರಿ ನೋಡು. ಇಲ್ಲಿಂದ ಹೊಂಟು ಅಲ್ಲಿ ತಿರುಗತತೆ, ಅಷ್ಟೆ." ಮೊದಲು ಕಾಲುಗಳು ಹೊಟ್ಟೆಯಲ್ಲಿ ಸೇರಿಕೊಂಡವು. ನಾಲ್ಕಾರು ಸಲ ಬರೆದ ಮೇಲೆ ಎತ್ತು ಬಂತು. ಆಮೇಲೆ ಅದೇ ರೀತಿ ಹೆಸರುಗಳು. ಕಾಗದದ ಮೇಲೆ ಅತ್ತಿಗೆ ಹೆಸರು ಬರೆದು ತಿರುಗಿಸಿ ಇಡುತ್ತಿದ್ದರು. ನಾನು ಅಕ್ಷರ ಓದದೆ ಗೆರೆಯನ್ನಷ್ಟೇ ನೋಡಿ ಬರೆಯುತ್ತಿದ್ದೆ. ಅಣ್ಣನಿಗೆ ಬಾರದಿದ್ದುದು ನನಗೆ ಯಾಕೆ ಬಂತು ಎಂದು ಅತ್ತಿಗೆ ಕೇಳಿದರೆ, "ಅವನು ಬಾಳ ಓದ್ಯಾನ, ಕಣ್ಣಿಗೆ ಬಿದ್ದ ಕೂಡ್ಲೆ ಓದ್ಬಿಡ್ತಾನ" ಎಂದೆ. ಗುರುಸಂಗಪ್ಪ ಬಿಟ್ಟುಹೋದ ಕೊಡಗಳಲ್ಲಿ ಒಂದನ್ನು ತೊಡೆಯ ಮೇಲಿಟ್ಟುಕೊಂಡು, ಅವರ ಬೋರಲು ಹೆಸರಿನ ಹಿಂಬದಿಗೆ ಅಜ್ಜಿಯ ಹೆಸರು ಹಾಕಿದೆ.

ಯರ್ರೆಪ್ಪ ತಾತ ಕಪ್ಪು ಕನ್ನಡಕ ಹಾಕಿಕೊಂಡು ಮಾತಾಡಿಸಲು ಬಂದದ್ದು ಆ ವಾರದಲ್ಲೇ. ಮೊಮ್ಮಗ ಬಸ್ ಸ್ಟ್ಯಾಂಡಿನಿಂದ ಕೈ ಹಿಡಿದು ತಂದು ಬಿಟ್ಟಿದ್ದ. ಅಪ್ಪ ಒಳಗೆ ಕರೆದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದರು.

"ಯಾವಾಗ ಬರ್ತಿ ಯರ್ರೆಪ್ಪ? ಲಗ್ನ ಎಲ್ಲಾ ಎದುರಿಗೆ ಹೋದವು."

"ಬಗ್ಗಬಾರದು ಅಂದಾನ ಡಾಕ್ಟರು. ಆಷಾಢ ಕಳೀಲಿ. ಆಮ್ಯಾಲೂ ಗ್ಯಾರಂಟಿ ಇಲ್ಲ ಸಾವ್ಕಾರ."

ಅತ್ತಿಗೆ ಅಜ್ಜಿಯ ಹೆಸರಿನ ಕೊಡವನ್ನು ತಂದು ತಾತನ ಮಡಿಲಿಗೆ ಇಟ್ಟರು. ತಾತ ಅಭ್ಯಾಸದಂತೆ ಬಾಯಿಯನ್ನು ಹೊಟ್ಟೆಯ ಕಡೆ ತಿರುಗಿಸಿಕೊಂಡು, ಕಂಠದ ಕೆಳಗೆ ಹೆಬ್ಬೆರಳಿನ ಉಗುರು ಆಡಿಸಿದ. ನಾನು ಒಲೆಯ ಹತ್ತಿರ ನಿಂತಿದ್ದೆ.

"ಇಲ್ಲಿ ನಿಂತಾನ" ಎಂದ ತಾತ. ಉಗುರು ಮುಂದೆ ಹೋಯಿತು. "ಇಲ್ಲೂ ನಿಂತಾನ, ಅಂಜಿಕಿ. ಇಲ್ಲಿಂದ ಮುಂದ ನಿಂತಿಲ್ಲ. ಹರದೈತಿ. ತಲಿಕೆಳಗ ಕುಂತಾ ಬರದಾನ, ಮಟ್ಟ ತಪ್ಪಿಲ್ಲ. ಯಾವ ಊರಾಂವ ಸಾವ್ಕಾರ? ಹೊಸಪೇಟಿಯಾಂವೇನು?"

ಅಪ್ಪನಿಗೆ ಏನೂ ತಿಳಿಯಲಿಲ್ಲ. ಅಣ್ಣನ ಮುಖ ನೋಡಿದರು. ಅಣ್ಣ ಕೈ ಆಡಿಸಿದ.

ಅಜ್ಜಿ ಬತ್ತಿಯ ತಟ್ಟೆ ಬದಿಗಿಟ್ಟಳು. "ಅಂವ ಅಲ್ಲೋ ಯರ್ರೆಪ್ಪ, ಆಕಿ. ನಮ್ಮ ಸುಮಿ. ತಿಂಗಳಾತು, ಮನೀ ತುಂಬ ಕಡ್ಡಿ ಗೀಚಿ ಗೀಚಿ ಹಾಕ್ಯಾಳ. ಅದು ನನ್ನ ಹೆಸರಂತ, ಹೌದೇನು ನೋಡು."

"ಮನ್ಯಾಗ ಇಟ್ಕಂಡು ಊರೂರು ತಿರುಗೀಯಲ್ಲ ಸಾವ್ಕಾರ" ಎಂದ ತಾತ. ಆಮೇಲೆ ನನ್ನ ಕಡೆ, ಅಂದರೆ ನಾನಿದ್ದೇನೆಂದು ಅಂದಾಜು ಮಾಡಿದ ಕಡೆ ತಿರುಗಿ, "ಕೈ ತಿರುಗಿಸಬ್ಯಾಡವ್ವ. ಸೊನ್ನಿ ಬಂದಾಗ ಎಡಗೈಲೆ ಕೊಡ ತಿರುಗಿಸು. ಬಲಗೈ ಹಂಗಾ ಇರ್ಲಿ" ಎಂದ. ಅದೊಂದನ್ನು ಅತ್ತಿಗೆಯ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ.

ತಾತ ಹೋದ ಮೇಲೆ ಅಪ್ಪ, ಅವ್ವ ಮಾತಾಡಿಕೊಂಡರು. ಅಪ್ಪನದು ಒಂದೇ ಮಾತು, ಅವ್ವನದು ಹತ್ತು. ಕೊನೆಗೆ ತೀರ್ಮಾನವಾದದ್ದು ಇದು. ನಾನು ಹೆಸರು ಹಾಕಬೇಕು, ಆದರೆ ಪರದೆಯ ಈಚೆಗೆ, ಮನೆಯೊಳಗೆ. ಯಾರು ಹಾಕುತ್ತಾರೆಂದು ಹೊರಗೆ ಹೇಳಬಾರದು.

"ಕೇಳಿದ್ರ?" ಎಂದ ಅಣ್ಣ.

"ಒಳಗ ಒಬ್ರು ಅದಾರ ಅನ್ನು" ಎಂದಳು ಅವ್ವ.

ಹಾಗೆಯೇ ನಡೆಯಿತು. ಅಣ್ಣ ಪಾತ್ರೆಯನ್ನೂ ಚೀಟಿಯನ್ನೂ ತಂದು ಒಳಗೆ ಇಡುತ್ತಿದ್ದ, ನಾನು ಹಾಕಿ ಕೊಡುತ್ತಿದ್ದೆ, ಅವನು ಒಯ್ಯುತ್ತಿದ್ದ. ಮೊದಲ ದಿನ ಆರು, ಮೂರನೇ ದಿನ ಮೂವತ್ತು. ಕರೆಂಟು ಹೋದಾಗ ಎದ್ದು ಕಾಳು ಆರಿಸುತ್ತಿದ್ದೆ, ಬಂದ ಕೂಡಲೇ ಕೂರುತ್ತಿದ್ದೆ. ಪರದೆಯಾಚೆ ಗಿರಾಕಿಗಳು, "ಅಕ್ಷರ ಚಂದ ಅದಾವ್ರಿ, ಯಾರ್ರಿ ಒಳಗ?" ಎನ್ನುವುದು ಕೇಳುತ್ತಿತ್ತು. "ನಮ್ಮ ಪೈಕಿ ಒಬ್ರು" ಎನ್ನುತ್ತಿದ್ದರು ಅಪ್ಪ. ಒಬ್ಬ ಮುದುಕ, "ವಯಸ್ಸಾದೋರಿರಬೇಕು, ಕೈ ಪಳಗೈತಿ" ಎಂದ. ಅತ್ತಿಗೆ ನನ್ನ ತೊಡೆ ಚಿವುಟಿದರು. ನಗು ಬಂದಿತು. ಆದರೆ ಪೇಪರಿನ ಮೇಲೆ ಬರೆದ ಎತ್ತು, ಗಿಣಿ, ಬಾಳೆಗಿಡ ಹಾಗೆಯೇ ಉಳಿದವು. ಅವನ್ನು ಬರೆಯಿರಿ ಎಂದು ಯಾರೂ ಚೀಟಿ ಕಳಿಸುತ್ತಿರಲಿಲ್ಲ. ಕಳಿಸಲು, ಒಳಗಿರುವವರಿಗೆ ಅದು ಬರುತ್ತದೆಂದು ಅವರಿಗೆ ಗೊತ್ತಾಗಬೇಕಲ್ಲ.

ಬಸವಜಯಂತಿಯ ಮುಂದಿನ ಸಂತೆ. ಅಣ್ಣ ಮಾಲು ತರಲು ದಾವಣಗೆರೆಗೆ ಹೋಗಿದ್ದ. ಅಂಗಡಿಯ ತುಂಬ ಮಂದಿ. ಪರದೆಯ ಸಂದಿಯಲ್ಲಿ ನೋಡಿದೆ. ಒಬ್ಬ ಹೆಂಗಸು ಎಲ್ಲರ ನಡುವೆ ನುಗ್ಗಿ, ಒಂದು ಸ್ಟೀಲಿನ ಕೊಡವನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದಳು. ಕೂಲಿಗೆ ಹೋಗುವವಳು. ಕಾಲಿಗೆ ಕೆಂಪು ಮಣ್ಣು ಹತ್ತಿತ್ತು. ಕೂಡ್ಲಿಗಿ ಕಡೆಯ ಹಳ್ಳಿಯವಳಂತೆ, ಹೆಸರು ದ್ಯಾಮಕ್ಕ.

"ಯಾರ ಲಗ್ನಕ್ಕವ್ವ?" ಎಂದರು ಅಪ್ಪ.

"ಯಾರ ಲಗ್ನಕ್ಕೂ ಅಲ್ರಿ ಯಪ್ಪಾ. ನಂಗ."

"ಹೆಸರು ಏನು ಹಾಕಬೇಕು?"

"ಹೆಸರು ಬ್ಯಾಡ್ರಿ. ಹೆಸರು ಹಾಕಿಸಿ ನಾ ಏನು ಓದ್ಲಿ? ನಮ್ಮ ನಳದ ಮುಂದ ಮೂವತ್ತು ಕೊಡ ಪಾಳಿ ಹಚ್ಚಿರ್ತಾರ್ರಿ, ಎಲ್ಲಾ ಒಂದಾ ನಮೂನಿ. ನಂದು ಹಿಂದಕ ತಳ್ಳಿ ತಮ್ಮವು ಮುಂದ ಇಡ್ತಾರ. ಇದು ನಿಂದಲ್ಲ ಅಂತ ನಂಗಾ ದಬಾಯಿಸ್ತಾರ. ಅದಕ್ಕ ನೋಡಿದ ಕೂಡ್ಲೆ ದ್ಯಾಮಕ್ಕಂದು ಅಂತ ನಂಗೂ ತಿಳಿಬೇಕು, ಅವರಿಗೂ ತಿಳಿಬೇಕು. ನಮ್ಮ ಆಡು ಬರಿಸಿ ಕೊಡ್ರಿ."

ಮಂದಿ ನಕ್ಕರು. ಅಪ್ಪ ಕೊಡ ಹಿಡಿದು ಒಳಗೆ ಬಂದರು.

"ಆಡು ಬರಿಬೇಕಂತ. ಬರ್ತೈತೇನು?"

"ಬರ್ತೈತಿ. ಎಂಥ ಆಡಂತ ಕೇಳ್ರಿ. ಕೋಡು ಹ್ಯಾಂಗ ಅದಾವಂತ ಕೇಳ್ರಿ."

ಅಪ್ಪ ಹೊರಗೆ ಹೋದರು. "ಕೋಡು ಹ್ಯಾಂಗ ಅದಾವು?"

"ಒಂದು ಹಿಂದಕ ಬಾಗೈತ್ರಿ. ಇನ್ನೊಂದು ಅರ್ಧ ಮುರದೈತಿ. ಅದರಿಂದಾ ಊರಿಗೆಲ್ಲ ಗುರುತು ಅದು."

ಅಪ್ಪ ಒಳಗೆ ಬಂದು ಹೇಳಿದರು. "ಯಾವ ಕಡೀದು ಮುರದೈತಿ ಅಪ್ಪ?" ಎಂದೆ.

ಹೊರಗೆ. "ಯಾವ ಕಡೀದು?"

"ಎಡಗಡೀದ್ರಿ."

ಒಳಗೆ. "ಅದರ ಎಡಕ್ಕೋ, ನೋಡೋರ ಎಡಕ್ಕೋ?"

ಹೊರಗೆ. ಮತ್ತೆ ಒಳಗೆ. ಆಮೇಲೆ ಗಡ್ಡ ಇದೆಯೋ ಇಲ್ಲವೋ, ಕಿವಿ ಜೋತಿವೆಯೋ ನಿಮಿರಿವೆಯೋ. ಬಾಲ ಮೇಲೋ ಕೆಳಗೋ ಎಂದು ಕೇಳಿಸಿದಾಗ ಆಕೆ ಹೇಳಿದ್ದು ನನಗೇ ಕೇಳಿಸಿತು. "ಮೇವು ಕಂಡ್ರ ಮ್ಯಾಲೆ, ನನ್ನ ಕಂಡ್ರ ಕೆಳಗರಿ." ಅಂಗಡಿಯಲ್ಲಿ ನಗೆಯೋ ನಗೆ. ಅಪ್ಪನ ಹೆಗಲ ಮೇಲಿನ ವಸ್ತ್ರ ಜಾರಿತ್ತು, ಹಣೆ ಬೆವೆತಿತ್ತು.

"ಲೇ ಸುಮಿ, ನಾನೇನು ಪಾತ್ರಿ ಮಾರಲೋ ಆಡು ಕಾಯಲೋ? ಅಲ್ಲಿ ಹತ್ತು ಮಂದಿ ನಿಂತಾರ. ನೀನಾ ಹೊರಗ ಬಾ. ನೀವಿಬ್ರೂ ಮಾತಾಡ್ಕರಿ."

ಅವ್ವ ಒಲೆಯ ಮುಂದಿನಿಂದ ತಲೆ ಎತ್ತಿದಳು. "ಏನಂದ್ರಿ?"

"ಹೊರಗ ಬರ್ಲಿ ಅಂದೆ."

ನಾನು ಏಳಲಿಲ್ಲ. ಅತ್ತಿಗೆ ಮಿಷನ್ನಿನ ವೈರು ಸುತ್ತಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವ್ವ ನನ್ನ ಕಡೆ ನೋಡಿದಳು. ಆಚೆ ದ್ಯಾಮಕ್ಕ, "ಬರಿಯಾಕ ಬರದಿದ್ರ ಇಲ್ಲ ಅನ್ರಿ ಯಪ್ಪಾ, ನಾ ಎದುರಿಗೆ ಹೊಕ್ಕೀನಿ" ಎನ್ನುತ್ತಿದ್ದಳು.

ಅವ್ವ ಕೈ ತೊಳೆದುಕೊಂಡು ಎದ್ದು ಬಂದಳು. ಸೆರಗಿನಿಂದ ನನ್ನ ಗಲ್ಲ ಒರೆಸಿದಳು. "ಹಿಟ್ಟು ಹತ್ತೈತಿ. ಹಿಂಗಾ ಹೋಗ್ತಿಯೇನು ಮಂದಿ ಮುಂದ?" ಎಂದಳು. ಆಮೇಲೆ ತಾನೇ ಪರದೆ ಸರಿಸಿ ಹಿಡಿದಳು.

ಮಿಷನ್ನನ್ನೂ ಕೊಡವನ್ನೂ ಹಿಡಿದು, ಯಾರ ಮುಖವನ್ನೂ ನೋಡದೆ ಹೋಗಿ ಹಲಗೆಯ ಮೇಲೆ ಕುಳಿತೆ. ಕೊಡದ ಬಾಯಿಯನ್ನು ನನ್ನ ಕಡೆ ಮಾಡಿ, 'ಮುಟ್ಟಬೇಕಾದ ಜಾಗ ನೋಡು' ಎಂದುಕೊಂಡು ಮೂಗಿನಿಂದ ಬೆನ್ನಿನವರೆಗೆ, ಬೆನ್ನಿನಿಂದ ಬಾಲದವರೆಗೆ ಒಂದೇ ಗೆರೆ ಎಳೆದೆ. ಎದುರಿಗೆ ಬಗ್ಗಿ ನಿಂತಿದ್ದ ದ್ಯಾಮಕ್ಕನಿಗೆ, ನನಗೆ ತಲೆಕೆಳಗಿದ್ದ ಆಡು ನೆಟ್ಟಗೆ ಕಾಣುತ್ತಿತ್ತು.

"ಬೆನ್ನು ಬಂತು" ಎಂದಳು ಆಕೆ. "ಹೊಟ್ಟಿ ಇನ್ನ ಚೂರು ಕೆಳಗ ಬರ್ಲಿ ತಾಯಿ. ಕೆಂಚಿ ಬಸುರಿ ಅದಾಳ."

"ಎಷ್ಟು ತಿಂಗಳು?" ಎಂದೆ. ನನ್ನ ದನಿ ನನಗೇ ಕೇಳಿಸಿತು.

"ಐದು ತುಂಬಾಕ ಬಂದಾವು. ಈ ವಾರನಾ ಮುಂದಿನ ವಾರನಾ."

ಎಡಗೈಯಲ್ಲಿ ಕೊಡ ತಿರುಗಿಸುತ್ತ ಹೊಟ್ಟೆಯನ್ನು ಇಳಿಸಿದೆ. ಕಾಲು, ಗೊರಸು, ಜೋತುಬಿದ್ದ ಕಿವಿ. ಕಡೆಗೆ ಹಿಂದಕ್ಕೆ ಬಾಗಿದ ಕೋಡು, ಅದರ ಪಕ್ಕ ಮೊಂಡು ಕೋಡು. ಸ್ವಿಚ್ಚು ಆರಿಸಿದಾಗ ಅಂಗಡಿಯಲ್ಲಿ ಇಷ್ಟು ಜನ ಇದ್ದಾರೆಂಬುದು ಮರೆತೇಹೋಗಿತ್ತು. ದ್ಯಾಮಕ್ಕ ಕೊಡ ಎತ್ತಿ ನಿಲ್ಲಿಸಿ, ದೂರ ಹಿಡಿದು, ಹತ್ತಿರ ತಂದು ನೋಡಿದಳು.

"ಅಯ್ಯ, ಇದು ನಮ್ಮ ಕೆಂಚೀನಾ. ಈಗ ತಳ್ಳಲಿ ನೋಡ್ತೀನಿ ಹಿಂದಕ" ಎಂದು ಕೊಡವನ್ನು ಸೊಂಟಕ್ಕೆ ಏರಿಸಿದಳು. ಇಳಿಯುವಾಗ ಮೆಟ್ಟಿಲ ಮೇಲೆ ನಿಂತಿದ್ದವರಿಗೆಲ್ಲ ತಿರುಗಿಸಿ ತಿರುಗಿಸಿ ತೋರಿಸುತ್ತ ಹೋದಳು. ಎದುರಿನ ಅಂಗಡಿಯ ಗಿರಾಕಿಗಳೂ ಇಣುಕಿದರು.

"ಇಷ್ಟು ದಿನ ಒಳಗ ಇದ್ದೋರು ಇವರೇನ್ರಿ?" ಎಂದು ಒಬ್ಬರು ಅಪ್ಪನನ್ನು ಕೇಳಿದರು.

ಅಪ್ಪ ಒಂದು ಗಳಿಗೆ ಪರದೆಯ ಕಡೆ ನೋಡಿದರು. ಅವ್ವ ಇನ್ನೂ ಅದನ್ನು ಹಿಡಿದೇ ನಿಂತಿದ್ದಳು, ಪಕ್ಕದಲ್ಲಿ ಅತ್ತಿಗೆ.

"ಹೌದ್ರಿ, ನನ್ನ ಮಗಳು" ಎಂದರು ಅಪ್ಪ.

ಹಿಂದೆ ನಿಂತಿದ್ದ ಪೇಟದ ಗೌಡರೊಬ್ಬರು ಜನರನ್ನು ಸರಿಸಿಕೊಂಡು ಮುಂದೆ ಬಂದು, ದೊಡ್ಡ ಹಾಲಿನ ಕ್ಯಾನನ್ನು ನನ್ನ ಮುಂದೆ ಇಟ್ಟರು. "ನಮ್ಮದು ಆಡಲ್ಲಮ್ಮ, ಎಮ್ಮಿ. ಡೈರಿಯಾಗ ಕ್ಯಾನು ಅದಲು ಬದಲು ಆಗ್ತಾವು. ಹಾಕ್ತಿಯೇನು?"

ಅಪ್ಪ ಉತ್ತರ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಕ್ಯಾನನ್ನು ತೊಡೆಗೆ ಎಳೆದುಕೊಂಡು, ತಲೆ ಎತ್ತಿ, "ಕೋಡು ಹ್ಯಾಂಗ ಅದಾವ್ರಿ ನಿಮ್ಮ ಎಮ್ಮೀವು?" ಎಂದು ಕೇಳಿದೆ.